ಕಾಲು ಉಳುಕಿದ ಮಗಳನ್ನು ಜಿಲ್ಲಾ ಮಟ್ಟದ ಬಾಸ್ಕೆಟ್‌ಬಾಲ್‌ಗೆ ಕಳಿಸಬಹುದೇ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಅದೇ ತಲೆಯಲ್ಲಿತ್ತು. ಎಂಟನೇ ತರಗತಿಯ ಮಗಳು, ಕಾರವಾರದಲ್ಲಿ ಶಾಲೆ, ತಾಲೂಕು ಮಟ್ಟ ಗೆದ್ದಾಗಿದೆ. ಪ್ರಾಕ್ಟೀಸ್‌ನಲ್ಲಿ ಪಾದ ಹೊರಳಿ ಬಿದ್ದಳು, ಪಾದದ ಗಂಟು ಊದಿದೆ, ಅಜ್ಜಿ ಎಣ್ಣೆ ಹಾಕಿ ತಿಕ್ಕುತ್ತಿದ್ದಾರೆ. ಜಿಲ್ಲಾ ಮಟ್ಟಕ್ಕೆ ಇನ್ನು 12 ದಿನ. ಆಡಿಸಬಹುದಾ, ಇಲ್ಲ ಆಟವನ್ನೇ ಬಿಡಿಸಿಬಿಡಲಾ ಅಂತ ಕೇಳಿದ್ದೀರಿ. ರಾತ್ರಿ ಅಳುತ್ತಾಳೆ ಅಂತಲೂ ಬರೆದಿದ್ದೀರಿ.

ನಾನು ಡಾಕ್ಟರ್ ಅಲ್ಲ. ಶಿರಸಿಯವಳು, ಹೈಸ್ಕೂಲಿನಲ್ಲಿ ಆಡಿದವಳು. ಈಗ ಸಂಜೆ ಹೊತ್ತು ಇಲ್ಲಿಯ ಹೆಣ್ಣುಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ನಿಮ್ಮ ಮಗಳ ಜಾಗದಲ್ಲಿ ಒಮ್ಮೆ ನಾನೇ ಇದ್ದೆ.

ಒಂಬತ್ತನೇ ತರಗತಿ, ಆಗಸ್ಟ್ ತಿಂಗಳು. ನಮ್ಮ ಮಳೆ ನಿಮಗೆ ಗೊತ್ತೇ ಇದೆ. ಸಿಮೆಂಟ್ ಕೋರ್ಟಿನ ಒಂದು ಮೂಲೆಯಲ್ಲಿ ಹಾವಸೆ ಕಟ್ಟಿತ್ತು. ರಿಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ವಾಪಸ್ ಪುಟಿದ ಬಾಲ್ ಹಿಡಿಯಲು, ಹಾರಿ ಇಳಿಯುವಾಗ ಗೆಳತಿಯ ಶೂ ಮೇಲೆ ನನ್ನ ಪಾದ ಬಿತ್ತು, ಒಳಮುಖವಾಗಿ ಹೊರಳಿತು. ಮನೆಯಲ್ಲಿ ಆಯಿ ನೋಡಿ "ಎಂತೂ ಆಜಿಲ್ಲೆ, ತಿಕ್ಕಿರೆ ಸರಿ ಆಗ್ತು" ಅಂದಳು. ಪಾಪ, ಪ್ರೀತಿಯಿಂದಲೇ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದಳು. ಬೆಳಿಗ್ಗೆ ಕಾಲು ಸೋರೆಕಾಯಿ ಆಗಿತ್ತು. ಆದರೂ ಹತ್ತು ದಿನದಲ್ಲಿ ನಡೆಯುವಾಗಿನ ನೋವು ಹೋಯಿತು. ನೋವಿಲ್ಲ ಅಂದರೆ ವಾಸಿಯಾಯಿತು ಅಂದುಕೊಂಡೆ. ಯಲ್ಲಾಪುರಕ್ಕೆ ತಂಡದ ಜೊತೆ ಹೋದೆ, ಆಡಿದೆ. ಎರಡನೇ ಕ್ವಾರ್ಟರ್‌ನಲ್ಲಿ ಯಾರೂ ಮುಟ್ಟದೆ, ಬರೀ ತಿರುಗುವಾಗ, ಅದೇ ಕಾಲು ಮತ್ತೆ ಹೊರಳಿತು. ಈ ಸಲ ಲಿಗಮೆಂಟ್, ಅಂದರೆ ಗಂಟಿನ ಎಲುಬುಗಳನ್ನು ಹಿಡಿದಿಡುವ ಪಟ್ಟಿ, ಹರಿದಿತ್ತು. ಹತ್ತನೇ ತರಗತಿಯ ಇಡೀ ಸೀಸನ್ ಹೋಯಿತು. ಆಮೇಲೂ ಎಷ್ಟೋ ವರ್ಷ ತೋಟದ ಇಳಿಜಾರಿನಲ್ಲಿ ಆ ಪಾದ ಸುಮ್ನೆ ಕುಸಿಯುತ್ತಿತ್ತು.

ಹಾಗಾಗಿ ನನ್ನ ಮಾತು ಇಷ್ಟೇ: ಆಡಿಸುವುದೋ ಬೇಡವೋ ಅನ್ನುವುದನ್ನು ಪಂದ್ಯದ ತಾರೀಖು ನೋಡಿ ನಿರ್ಧರಿಸಬೇಡಿ, ಕಾಲು ನೋಡಿ ನಿರ್ಧರಿಸಿ. ಒಮ್ಮೆ ಉಳುಕಿ ಪೂರ್ತಿ ವಾಸಿಯಾಗದ ಗಂಟು ಮತ್ತೆ ಉಳುಕುವ ಸಾಧ್ಯತೆ ತುಂಬಾ ಜಾಸ್ತಿ.

ಮೊದಲು ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಅಜ್ಜಿಗೆ ಬೇಜಾರಾಗದ ಹಾಗೆ ಹೇಳಿ. ಶುರುವಿನ ಎರಡು-ಮೂರು ದಿನ ಒಳಗೆ ರಕ್ತ, ನೀರು ಸೋರುತ್ತಿರುತ್ತದೆ. ಬಿಸಿ ಶಾಖ ಕೊಟ್ಟರೂ, ತಿಕ್ಕಿದರೂ ಊತ ಏರುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು, ನೋವು ಕಮ್ಮಿಯಾಗುತ್ತದೆ. ಕ್ರೇಪ್ ಬ್ಯಾಂಡೇಜನ್ನು ಬೆರಳ ಕಡೆಯಿಂದ ಮೇಲಕ್ಕೆ ಸುತ್ತಿ. ಬೆರಳು ತಣ್ಣಗಾದರೆ ಅಥವಾ ನೀಲಿಯಾದರೆ ತಕ್ಷಣ ಸಡಿಲ ಮಾಡಿ. ಮಲಗುವಾಗ ಕಾಲ ಕೆಳಗೆ ಎರಡು ದಿಂಬು.

ಎಕ್ಸ್‌ರೇ ಬೇಕಾ ಅನ್ನುವುದಕ್ಕೆ ಡಾಕ್ಟರುಗಳೇ ಬಳಸುವ ಒಂದು ಸುಲಭದ ಅಳತೆ ಇದೆ. ಆ ಕಾಲಿನ ಮೇಲೆ ಭಾರ ಹಾಕಿ, ಕುಂಟಿಯಾದರೂ ಸರಿ, ನಾಲ್ಕು ಹೆಜ್ಜೆ ಇಡಲು ಆಗುತ್ತದಾ? ಗಂಟಿನ ಎರಡೂ ಬದಿ ಉಬ್ಬಿದ ಎಲುಬಿನ ಹಿಂಭಾಗ, ಪಾದದ ಹೊರ ಅಂಚಿನ ನಡುವಿನ ಎಲುಬು, ಪಾದದ ಒಳಬದಿಯ ಎಲುಬು, ಇಲ್ಲೆಲ್ಲಾದರೂ ಒತ್ತಿದರೆ ಚೀರುವಷ್ಟು ನೋವಿದೆಯಾ? ಹೆಜ್ಜೆ ಇಡಲು ಆಗದಿದ್ದರೆ ಅಥವಾ ಎಲುಬು ಮುಟ್ಟಿದರೆ ನೋಯುತ್ತಿದ್ದರೆ ಎಲುಬಿನ ಡಾಕ್ಟರ ಹತ್ತಿರ ಹೋಗಲೇಬೇಕು. ಮಕ್ಕಳ ವಿಷಯದಲ್ಲಿ ನಾನಂತೂ ಕಾಯುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಯ ಹತ್ತಿರ ಬೆಳವಣಿಗೆಯ ಮೆತ್ತನೆ ಪದರ ಇರುತ್ತದೆ. ದೊಡ್ಡವರಲ್ಲಿ ಲಿಗಮೆಂಟ್ ಹರಿಯುವಂಥ ಪೆಟ್ಟಿಗೆ ಮಕ್ಕಳಲ್ಲಿ ಆ ಪದರಕ್ಕೇ ಪೆಟ್ಟಾಗಬಹುದು. ಕೆಲವು ಸಲ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ, ಡಾಕ್ಟರು ಮುಟ್ಟಿ ನೋಡಿಯೇ ಹೇಳಬೇಕು. ನಾಟಿ ಕಟ್ಟು ಹಾಕಿಸುವ ಯೋಚನೆ ಇದ್ದರೂ ಮೊದಲು ಇದೊಂದು ಆಗಲಿ.

ಎಲುಬು ಚೆನ್ನಾಗಿದೆ, ಬರೀ ಉಳುಕು ಅಂತಾದರೆ ಸಣ್ಣದಕ್ಕೆ ಒಂದರಿಂದ ಮೂರು ವಾರ, ನಡುಮಟ್ಟದ್ದಕ್ಕೆ ಆರು ವಾರದವರೆಗೂ ಬೇಕಾಗುತ್ತದೆ. ಹಾಗಂತ ಅಲ್ಲಿಯವರೆಗೆ ಮಲಗಿಸಿಡಬೇಡಿ. ಡಾಕ್ಟರು ಸರಿ ಅಂದ ಮೇಲೆ ದಿನಾ ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಲಿ, ಪೂರ್ತಿ ಅಕ್ಷರಮಾಲೆ. ಗಂಟು ಎಲ್ಲ ಕಡೆಗೂ ತಿರುಗುತ್ತದೆ. ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಆಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವುದು: ಮೊದಲು 30 ಸೆಕೆಂಡ್ ಕಣ್ಣು ಬಿಟ್ಟು, ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ. ನಮ್ಮ ಹುಡುಗಿಯರು ಹಲ್ಲುಜ್ಜುವಾಗ ಮಾಡುತ್ತಾರೆ. ಇದು ಯಾಕೆ ಅಂದರೆ, ಉಳುಕಿದಾಗ ಲಿಗಮೆಂಟ್ ಮಾತ್ರ ಅಲ್ಲ, ಪಾದ ಎತ್ತ ವಾಲಿದೆ ಅಂತ ಮೆದುಳಿಗೆ ತಿಳಿಸುವ ಸೂಕ್ಷ್ಮವೂ ಮಂಕಾಗುತ್ತದೆ. ಮಳೆಗಾಲದಲ್ಲಿ ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟುವಾಗ ಪಾದ ತನ್ನಷ್ಟಕ್ಕೇ ಸರಿಮಾಡಿಕೊಳ್ಳುತ್ತದಲ್ಲ, ಅದು. ಯಲ್ಲಾಪುರದಲ್ಲಿ ನನಗೆ ನೋವಿರಲಿಲ್ಲ, ಇಲ್ಲದೇ ಹೋಗಿದ್ದು ಅದೇ.

ಆಡಬಹುದು ಅನ್ನಲು ನಾನು ನೋಡುವುದು ಇಷ್ಟು: ಊತ ಇಳಿದಿರಬೇಕು. ಆ ಒಂದೇ ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಬೇಕು, ಒಳ್ಳೆಯ ಕಾಲಿನಷ್ಟೇ ಧೈರ್ಯವಾಗಿ. ಜೋರಾಗಿ ಓಡಿ ತಟ್ಟನೆ ನಿಂತು ಎರಡೂ ಕಡೆ ತಿರುಗಬೇಕು. ಹಾರಿ ಒಂಟಿ ಕಾಲಿನಲ್ಲಿ ಇಳಿಯುವಾಗ ಮುಖ ಕಿವುಚಬಾರದು. ಇದೆಲ್ಲ ಆದ ಮೇಲೆ ಒಂದೆರಡು ದಿನ ಪೂರ್ತಿ ಪ್ರಾಕ್ಟೀಸ್, ಆಮೇಲೆ ಪಂದ್ಯ. ಶುರುವಿಗೆ ಆಂಕಲ್ ಬ್ರೇಸ್ (ಗಂಟಿಗೆ ಆಸರೆ ಕೊಡುವ ಪಟ್ಟಿ) ಹಾಕಲಿ. 12 ದಿನದಲ್ಲಿ ಇದು ಸಾಧ್ಯವಾಗುವುದು ಉಳುಕು ನಿಜಕ್ಕೂ ಸಣ್ಣದಿದ್ದರೆ ಮಾತ್ರ. ನೋವಿನ ಮಾತ್ರೆ ನುಂಗಿಸಿ ಅಂಕಣಕ್ಕೆ ಇಳಿಸುವುದು ಬೇಡವೇ ಬೇಡ.

ಇನ್ನು ಅಳುವಿನ ವಿಷಯ. "ಮುಂದಿನ ವರ್ಷ ಆಡಿದರಾಯಿತು ಬಿಡು" ಅಂತ ದಯವಿಟ್ಟು ಹೇಳಬೇಡಿ. ನಮ್ಮ ಶಾಲಾ ಸೀಸನ್ ಎಷ್ಟು ಸಣ್ಣದು ನೋಡಿ. ತಾಲೂಕು, ಜಿಲ್ಲೆ, ಆಮೇಲೆ ಬೆಳಗಾವಿ ವಿಭಾಗ, ಕೊನೆಗೆ ರಾಜ್ಯ. ಹೆಚ್ಚಿನ ಕಡೆ ಒಂದು ಪಂದ್ಯ ಸೋತರೆ ಮನೆಗೆ. ಇಡೀ ವರ್ಷ ಪ್ರಾಕ್ಟೀಸ್ ಮಾಡಿ ಸಿಗುವುದು ನಾಲ್ಕೈದು ಪಂದ್ಯ. ಅದು ಕೈತಪ್ಪಿದರೆ ಅಳು ಬರದೇ ಇರುತ್ತದಾ? ಅಳಲಿ.

ನನಗೆ ಕಾಲಿಗಿಂತ ಜಾಸ್ತಿ ನೋವಾಗಿದ್ದು ಹತ್ತನೇ ತರಗತಿಯಲ್ಲಿ. ನಾನಿಲ್ಲದೆ ತಂಡ ಬಸ್ ಹತ್ತಿದ ದಿನ ಯಾರೂ ಕರೆಯಲಿಲ್ಲ. ಗಾಯ ಆದವಳಿಗೆ ವಿಶ್ರಾಂತಿ ಅಂದುಕೊಂಡರು, ಕೆಟ್ಟ ಮನಸ್ಸಿನಿಂದಲ್ಲ. ಅದಕ್ಕೇ ಈಗ ನನ್ನ ತಂಡದಲ್ಲಿ ಗಾಯ ಆದವಳು ಪ್ರಾಕ್ಟೀಸ್‌ಗೆ ಬರಲೇಬೇಕು. ಕುರ್ಚಿಯಲ್ಲಿ ಕೂತು ಒಂದೇ ಕೈಯಲ್ಲಿ ಶೂಟಿಂಗ್ ಮಾಡುತ್ತಾಳೆ. ಹೋದ ವರ್ಷ ಒಬ್ಬಳು ಹೀಗೆ ಕೂತಲ್ಲೇ ಎಡಗೈ ಡ್ರಿಬಲ್ ಕಲಿತಳು. ಕಾಲು ಸರಿಯಿದ್ದಾಗ ಹೇಳಿ ಹೇಳಿ ಸಾಕಾಗಿದ್ದ ಕೆಲಸ ಅದು! ಪಂದ್ಯದ ದಿನ ಎದುರಾಳಿಯಲ್ಲಿ ಯಾರು ಯಾವ ಕಡೆಯಿಂದ ನುಗ್ಗುತ್ತಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಟೈಮ್‌ಔಟ್‌ನಲ್ಲಿ ಹೇಳುತ್ತಾಳೆ. ನಿಮ್ಮ ಪಿ.ಟಿ. ಸರ್ ಹತ್ತಿರ ಮಾತಾಡಿ ಇಂಥದ್ದೊಂದು ಕೆಲಸ ಕೇಳಿ. ಕರುಣೆಗೆ ಕೊಟ್ಟ ಕೆಲಸ ಅಂತ ಅನ್ನಿಸಬಾರದು, ನಿಜವಾಗಿ ತಂಡಕ್ಕೆ ಬೇಕಾದದ್ದಾಗಿರಲಿ. ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಆಟ ಬಿಡಿಸುವ ಯೋಚನೆ ಬಿಟ್ಟುಬಿಡಿ. ಕಾಲು ಉಳುಕುವುದು ಈ ಆಟದಲ್ಲಿ ಅತಿ ಸಾಮಾನ್ಯ ಗಾಯ. ಬದಲಿಗೆ ಕೋರ್ಟ್ ನೋಡಿ ಬನ್ನಿ. ಹಾವಸೆ ಇದ್ದರೆ ನಾಲ್ಕು ಪೋಷಕರು ಸೇರಿ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆಯಿರಿ, ನಾವು ಮಳೆಗಾಲದಲ್ಲಿ ಹಾಗೇ ಮಾಡುತ್ತೇವೆ. ಅಡಿ ಸವೆದ ಶೂ ಬದಲಿಸಿ. ಇನ್ನೊಂದು, ಬಾಲ್ ತಾಗಿ ಬೆರಳು ಊದಿದರೆ ಎಳೆದು ಲಟಿಕೆ ತೆಗೆಯಲು ಯಾರಿಗೂ ಬಿಡಬೇಡಿ.

ಈಗ ಸದ್ಯಕ್ಕೆ ಆ ನಾಲ್ಕು ಹೆಜ್ಜೆ ಇಡಿಸಿ ನೋಡಿ. ಡಾಕ್ಟರು ಏನಂದರು ಅಂತ ಇಲ್ಲೇ ಬರೆಯಿರಿ. ಉಳುಕು ಎಷ್ಟರಮಟ್ಟಿನದು ಅಂತ ಗೊತ್ತಾದರೆ ಯಾವ ದಿನ ಯಾವ ವ್ಯಾಯಾಮ ಅಂತ ನಮ್ಮ ಹುಡುಗಿಯರಿಗೆ ಬರೆದುಕೊಟ್ಟ ಪಟ್ಟಿಯನ್ನೇ ನಿಮಗೂ ಕೊಡುತ್ತೇನೆ.