ಮಾಸಾಶನದ ತಾರೀಖು ಮತ್ತು ಅಣ್ಣನ ಮೇಲಿನ ಅನುಮಾನ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವರು, ನಲವತ್ತರ ಆಸುಪಾಸು. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಾಗಿ ದುಡಿಯುತ್ತಿದ್ದರು. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಸೊಂಟದ ಕೆಳಗೆ ಬಲವಿಲ್ಲ. ಅಣ್ಣನ ಮನೆಯಲ್ಲಿದ್ದಾರೆ, ಕುಳಿತಲ್ಲೇ ಅಡಿಕೆ ಸುಲಿಯುತ್ತಾರೆ. ಅಂಗವೈಕಲ್ಯ ಶೇ. 75ಕ್ಕಿಂತ ಹೆಚ್ಚಿರುವುದರಿಂದ ತಿಂಗಳಿಗೆ 1,400 ರೂಪಾಯಿ ಮಾಸಾಶನ ಮಂಜೂರಾಗಿದೆ. ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇವರನ್ನು ನಮ್ಮಲ್ಲಿಗೆ ಕರೆತಂದಾಗ ಹೇಳಿದ್ದು ಇಷ್ಟು: ಮೂರು ವಾರದಿಂದ ಅಣ್ಣನ ಜೊತೆ ಮಾತಿಲ್ಲ, ಊಟ ಅರ್ಧ, ರಾತ್ರಿಯೆಲ್ಲ ಎಚ್ಚರ.

ಮೊದಲ ಭೇಟಿಯಲ್ಲಿ ಅವರು ದುಡ್ಡಿನ ಮಾತನ್ನೇ ಎತ್ತಲಿಲ್ಲ. "ನಾನು ಈ ಮನೆಗೆ ಭಾರ" ಎಂಬಲ್ಲಿಂದ ಶುರುವಾಯಿತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಲಾಯಿತು, ಇಲ್ಲ ಎಂದರು. ಆದರೂ ರಾತ್ರಿ ಹೊತ್ತು ತಡೆಯಲಾಗದಿದ್ದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲೇ ಉಳಿಸಿಕೊಟ್ಟೆವು. ಆಮೇಲೆ ನಿಜವಾದ ನೋವು ಹೊರಬಂತು. ನಾಲ್ಕು ತಿಂಗಳಿಂದ ಪಾಸ್‌ಬುಕ್ಕಿನಲ್ಲಿ ಮಾಸಾಶನ ಕಾಣುತ್ತಿಲ್ಲ, ಎಟಿಎಂ ಕಾರ್ಡು ಅಣ್ಣನ ಹತ್ತಿರ ಇದೆ. ಔಷಧಿ ಅಂಗಡಿಯಲ್ಲಿ "ಐದನೇ ತಾರೀಖು ಕೊಡ್ತೀನಿ" ಎಂದು ಪ್ರತಿ ತಿಂಗಳೂ ಹೇಳಿ ಮಾತು ತಪ್ಪಿದ್ದಾರೆ. ಅಣ್ಣನೇ ತೆಗೆದುಕೊಂಡ ಎಂಬುದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಇಂಥ ಪ್ರಕರಣದಲ್ಲಿ ಅನುಮಾನ ಸರಿಯೋ ತಪ್ಪೋ ಎಂದು ವಾದಿಸಿ ಪ್ರಯೋಜನವಿಲ್ಲ. ದುಡ್ಡು ಹೋದ ದಾರಿಯನ್ನು ಕಣ್ಣಿಗೆ ಕಾಣಿಸಬೇಕು. ಹಾಗಾಗಿ ಎರಡನೇ ಭೇಟಿಯ ಬಹುಪಾಲು ಅದಕ್ಕೇ ಹೋಯಿತು.

ಮೊದಲು ಐದನೇ ತಾರೀಖಿನ ವಿಚಾರ. ಈ ಮಾಸಾಶನಕ್ಕೆ ಸಂಬಳದಂತೆ ಗಟ್ಟಿ ತಾರೀಖಿಲ್ಲ. ಅವರ ಹಳೇ ಪಾಸ್‌ಬುಕ್ಕನ್ನೇ ತೆರೆದು ತೋರಿಸಿದೆವು: ಒಂದು ತಿಂಗಳು 9ಕ್ಕೆ ಜಮಾ, ಮುಂದಿನದು 24ಕ್ಕೆ, ಇನ್ನೊಂದು ತಿಂಗಳು ಏನೂ ಇಲ್ಲ, ಅದರ ಮರುತಿಂಗಳು ಒಂದೇ ವಾರದಲ್ಲಿ ಎರಡು ಕಂತು. ಹಣ ಕೊಡುವುದು ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯ. ಅನುದಾನ ಬಿಡುಗಡೆಯಾಗಬೇಕು, ಫಲಾನುಭವಿಗಳ ಪಟ್ಟಿಗೆ ಬಿಲ್ಲು ಆಗಬೇಕು, ಸರ್ಕಾರದ ಪಾವತಿ ವ್ಯವಸ್ಥೆಯಾದ ಖಜಾನೆ-2ರಿಂದ ಪಾವತಿ ಹೊರಡಬೇಕು, ಕೊನೆಗೆ ಬ್ಯಾಂಕು ಜಮಾ ಮಾಡಬೇಕು. ಇದರಲ್ಲಿ ಯಾವ ಮೆಟ್ಟಿಲು ತಡವಾದರೂ ತಾರೀಖು ಜಾರುತ್ತದೆ. ಮಾರ್ಚ್ ಮುಗಿದು ಏಪ್ರಿಲ್ ಬರುವಾಗ, ಆರ್ಥಿಕ ವರ್ಷ ಬದಲಾಗುವ ಹೊತ್ತಿನಲ್ಲಿ, ತಡ ಹೆಚ್ಚು. ಹಾಗಾಗಿ ಒಂದು ತಿಂಗಳು ಬಾರದಿದ್ದರೆ ಹೆದರಬೇಕಿಲ್ಲ. ಊರಿನ ಬೇರೆಯವರಿಗೆ ಬಂದು ನಿಮಗೊಬ್ಬರಿಗೇ ಬಾರದಿದ್ದರೆ ಮಾತ್ರ ಅದೇ ವಾರ ಹುಡುಕಲು ಶುರುಮಾಡಬೇಕು.

ಇವರ ವಿಷಯದಲ್ಲಿ ಊರಿನ ಇನ್ನಿಬ್ಬರಿಗೆ ಪ್ರತಿ ತಿಂಗಳೂ ಬಂದಿತ್ತು. ಅಂದರೆ ತೊಡಕು ಇವರ ಹೆಸರಿನಲ್ಲೇ.

ಡಿಬಿಟಿ ಕರ್ನಾಟಕ ಎಂಬ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಹಾಕಿ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟು, ಒಂದು ಎಂಪಿನ್ (ಆ್ಯಪ್ ತೆರೆಯುವ ಗುಪ್ತ ಸಂಖ್ಯೆ) ಮಾಡಿಕೊಂಡರೆ ಯಾವ ಯೋಜನೆಯ ಹಣ, ಯಾವ ದಿನ, ಯಾವ ಬ್ಯಾಂಕಿಗೆ ಹೋಯಿತು ಎಂಬುದು ಕಾಣುತ್ತದೆ. ಮೊಬೈಲ್ ಜೋಡಣೆ ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ, ಮೊದಲು ಆಧಾರ್ ಕೇಂದ್ರದಲ್ಲಿ ಆ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಸಿಗ್ನಲ್ ಇಲ್ಲದ ಮನೆಯಲ್ಲಿ ಕೂತು ಒಟಿಪಿಗೆ ಕಾದು ರೋಸಿಹೋಗುವುದಕ್ಕಿಂತ ಪೇಟೆಗೆ ಬಂದಾಗ ನೋಡುವುದು ವಾಸಿ.

ಪರದೆಯ ಮೇಲೆ ನಾಲ್ಕು ತಿಂಗಳಲ್ಲಿ ಮೂರು ಕಂತು ಜಮಾ ಆಗಿರುವುದು ಕಂಡಿತು. ಆದರೆ ಬ್ಯಾಂಕಿನ ಹೆಸರು ಬೇರೆ. ನೆನಪು ಕೆದಕಿದಾಗ ಗೊತ್ತಾಯಿತು: ಕೆಲವು ತಿಂಗಳ ಹಿಂದೆ ಊರಿನಲ್ಲಿ ನಡೆದ ಶಿಬಿರವೊಂದರಲ್ಲಿ ಬೆರಳೊತ್ತಿ ಹೊಸ ಖಾತೆ ತೆರೆದಿದ್ದರು. ಪಾಸ್‌ಬುಕ್ ಕೊಟ್ಟಿರಲಿಲ್ಲ. ಆಗ ಸರ್ಕಾರಿ ಸೌಲಭ್ಯ ಈ ಖಾತೆಗೇ ಬರಲಿ ಎಂಬ ಒಪ್ಪಿಗೆಯೂ ಹೋಗಿತ್ತು, ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಇಲ್ಲಿ ಎಡವುವವರು ಬಹಳ. ಮಾಸಾಶನ ಖಾತೆ ಸಂಖ್ಯೆ ನೋಡಿಕೊಂಡು ಬರುವುದಿಲ್ಲ, ಆಧಾರ್ ಸಂಖ್ಯೆ ಹಿಡಿದು ಬರುತ್ತದೆ. ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ಪಟ್ಟಿ ಎನ್‌ಪಿಸಿಐ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮ) ಬಳಿ ಇರುತ್ತದೆ. ಒಂದು ಆಧಾರ್‌ಗೆ ಅದರಲ್ಲಿ ಒಂದೇ ಬ್ಯಾಂಕು, ಕೊನೆಗೆ ಜೋಡಿಸಿದ್ದು ಯಾವುದೋ ಅದು. "ನನ್ನ ಖಾತೆಗೆ ಆಧಾರ್ ಕೊಟ್ಟಿದ್ದೀನಲ್ಲ" ಎಂದರೆ ಸಾಲದು. ಗುರುತು ದೃಢಪಡಿಸುವ ಕೆವೈಸಿಗೆ ಆಧಾರ್ ಪ್ರತಿ ಕೊಡುವುದು ಬೇರೆ, ಸೌಲಭ್ಯದ ಹಣ ಪಡೆಯಲು ಜೋಡಿಸುವುದು ಬೇರೆ. ಹಳೇ ಖಾತೆಗೇ ಹಣ ಬೇಕೆಂದರೆ ಆ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಒಪ್ಪಿಗೆ ಪತ್ರ ತುಂಬಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಸ್ವೀಕೃತಿ ಕೇಳಿ ಪಡೆಯಬೇಕು. ಕೆಲ ದಿನ ಬಿಟ್ಟು ಆ್ಯಪ್‌ನಲ್ಲಿ ಜೋಡಣೆಯ ಸ್ಥಿತಿ ನೋಡಿ, ಹಳೇ ಬ್ಯಾಂಕಿನ ಹೆಸರು ಬಂದಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು.

ಇವರಿಗೆ ನಾವು ಹೇಳಿದ್ದು, ಮೊದಲು ಹೊಸ ಖಾತೆಯಲ್ಲಿ ಕೂತಿರುವ 4,200 ರೂಪಾಯಿ ತೆಗೆಯಿರಿ, ಜೋಡಣೆ ಬದಲಿಸುವುದು ಆಮೇಲೆ. ಬ್ಯಾಂಕಿನ ಪರವಾಗಿ ಊರಲ್ಲಿ ಹಣ ಕೊಡುವ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಬೆರಳೊತ್ತಿ ತೆಗೆಯುವಾಗ ಇನ್ನೊಂದು ತೊಂದರೆ ಎದುರಾಯಿತು. ಅಡಿಕೆ ಸುಲಿಯುವವರ ಬೆರಳು ಒಡೆದು, ಚೊಗರು ಹಿಡಿದು ರೇಖೆಯೇ ಮಾಸಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವ ಬೆರಳಾದರೂ ನಡೆಯುತ್ತದೆ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಸವರಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದು ಒರೆಸಿಕೊಂಡು ಹೋಗಲು ತಿಳಿಸಿದೆವು. ಎಡಗೈ ಕಿರುಬೆರಳಿಗೆ ಯಂತ್ರ ಒಪ್ಪಿತು. ಬ್ಯಾಂಕ್ ಮಿತ್ರರ ಬಳಿ ಬೆರಳೊತ್ತಿದಾಗಲೆಲ್ಲ ರಸೀದಿ ಪಡೆಯಲೇಬೇಕು. "ಫೇಲ್ ಆಯ್ತು, ಇನ್ನೊಮ್ಮೆ ಒತ್ತಿ" ಎಂದರೆ ಮೊದಲ ಬಾರಿಯದಕ್ಕೂ ರಸೀದಿ ಕೇಳಬೇಕು. ಇದರಲ್ಲಿ ಸಂಕೋಚ ಬೇಡವೇ ಬೇಡ.

ನಾಲ್ಕನೇ ಕಂತು ಎಲ್ಲೂ ಜಮಾ ಆಗಿರಲಿಲ್ಲ. ಅದಕ್ಕೆ ನಾಡಕಚೇರಿಯ ಉಪ ತಹಶೀಲ್ದಾರರಿಗೆ ಒಂದು ಪುಟದ ಅರ್ಜಿ ಬರೆಸಿದೆವು: ಹೆಸರು, ಮಂಜೂರಾತಿ ಸಂಖ್ಯೆ, ಯಾವ ತಿಂಗಳ ಕಂತು, ಈಗ ಜೋಡಣೆಯಾಗಿರುವ ಬ್ಯಾಂಕು. ಜೊತೆಗೆ ಮಂಜೂರಾತಿ ಆದೇಶ, ಆಧಾರ್, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನ ಪ್ರತಿ, ಆ್ಯಪ್‌ನ ಪರದೆಯ ಮುದ್ರಣ. ಎರಡು ಪ್ರತಿ ಒಯ್ದು ಒಂದಕ್ಕೆ ಮೊಹರು ಹಾಕಿಸಿಕೊಳ್ಳಬೇಕು. ಅನೇಕರು ಅಂಗವಿಕಲರ ಕಲ್ಯಾಣದ ಕಚೇರಿ ಎಂದು ಹುಡುಕಿಕೊಂಡು ಶಿವಮೊಗ್ಗದವರೆಗೆ ಬಸ್ಸು ಹತ್ತುತ್ತಾರೆ. ಮಾಸಾಶನದ ಕಡತ ಇರುವುದು ಕಂದಾಯದವರಲ್ಲಿ. ಊರಿನ ಗ್ರಾಮ ಆಡಳಿತಾಧಿಕಾರಿ, ನಾಡಕಚೇರಿ, ಆಮೇಲೆ ತಾಲ್ಲೂಕು ಕಚೇರಿ, ಇದೇ ಕ್ರಮ. ಕಾಲಿಗೆ ಬಲವಿಲ್ಲದವರನ್ನು ಸುಮ್ಮನೆ ಅಲೆಸಬಾರದು. ಅರ್ಜಿ ಒಯ್ಯುವುದನ್ನು ವಿಆರ್‌ಡಬ್ಲ್ಯೂ ಮಾಡಬಹುದು, ಇಲ್ಲಿ ಅವರೇ ಮಾಡಿದರು.

ಮೂರನೇ ಭೇಟಿಗೆ ಅಣ್ಣನೂ ಬಂದರು. ಕ್ಷಮೆ ಕೇಳಿಸುವ ಆತುರ ನಾವು ಮಾಡಲಿಲ್ಲ. ಎರಡೂ ಖಾತೆಯ ವಿವರ ಮೇಜಿನ ಮೇಲಿಟ್ಟು ಇಬ್ಬರೂ ಸಾಲು ಸಾಲಾಗಿ ಓದಿದರು. ತಮ್ಮನ ಕಣ್ಣು ತುಂಬಿತು. ಅಣ್ಣ ಹೇಳಿದ್ದು, "ನೀನು ಕೇಳಿದ್ರೆ ನಾನೇ ಪಾಸ್‌ಬುಕ್ ತೋರಿಸ್ತಿದ್ನಲ್ಲ." ಕೇಳಲು ಆಗದಿದ್ದುದೇ ಇಲ್ಲಿಯ ಗಾಯ. ಅನ್ನ ಹಾಕುವವನನ್ನು ಲೆಕ್ಕ ಕೇಳುವುದು ಹೇಗೆ ಎಂಬ ಅಳುಕು ಅವರಲ್ಲಿತ್ತು. ಮಾಸಾಶನ ಅವರ ಹೆಸರಿನ ಹಣ, ಅದರ ಲೆಕ್ಕ ಕೇಳುವುದು ಕೃತಘ್ನತೆಯಲ್ಲ ಎಂಬುದನ್ನು ಇಬ್ಬರ ಎದುರಿಗೂ ಬಿಡಿಸಿ ಹೇಳಲಾಯಿತು. ಎಟಿಎಂ ಕಾರ್ಡು ಅವತ್ತೇ ತಮ್ಮನ ಕೈಗೆ ಬಂತು. ಹಣ ತರಲು ಅಣ್ಣನೇ ಹೋದರೂ ಚೀಟಿ ತಂದು ಕೊಡಬೇಕೆಂದು ಒಪ್ಪಿಕೊಂಡರು.

ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಹಣ ಬಂದ ದಿನ, ಮೊತ್ತ, ಯಾವ ತಿಂಗಳದ್ದು ಎಂದು ಬರೆಯಲು ಹೇಳಿದೆವು. ಔಷಧಿ ಅಂಗಡಿಯವರಿಗೆ ತಾರೀಖಿನ ಮಾತು ಕೊಡದೆ "ಬಂದ ಎರಡು ದಿನದಲ್ಲಿ" ಎಂದು ಹೇಳುವುದು. ಕೈಗೆ ಬಂದ 4,200ರಲ್ಲಿ ಒಂದು ತಿಂಗಳ 1,400 ಮುಟ್ಟದೆ ಇಡುವುದು, ಕಂತು ಜಾರಿದ ತಿಂಗಳಿಗೆ ಅದೇ ಆಸರೆ.

ಕಡತ ಮುಚ್ಚುವ ಮುನ್ನ ಯುಡಿಐಡಿ ಕಾರ್ಡು ತಿರುಗಿಸಿ ನೋಡಿದಾಗ ಪ್ರಮಾಣಪತ್ರ ತಾತ್ಕಾಲಿಕ ಎಂದಿತ್ತು, ಅವಧಿ ಮುಗಿಯಲು ಏಳು ತಿಂಗಳು. ಅವಧಿ ತೀರಿದರೆ ಮಾಸಾಶನಕ್ಕೆ ತಡೆ ಬೀಳಬಹುದು. ಯುಡಿಐಡಿಯ ಸ್ವಾವಲಂಬನ್ ಜಾಲತಾಣದಲ್ಲಿ ನವೀಕರಣದ ಅರ್ಜಿ ಹಾಕಿಸಿ, ಮರುತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವಾಗ ಹಳೇ ಎಂಆರ್‌ಐ, ಡಿಸ್ಚಾರ್ಜ್ ಚೀಟಿ ಒಯ್ಯಲು ಬರೆದುಕೊಟ್ಟಿದ್ದೇವೆ. ಕರೆದುಕೊಂಡು ಹೋಗುವ ಹೊಣೆ ಅಣ್ಣ ವಹಿಸಿಕೊಂಡಿದ್ದಾರೆ. ಬಾಕಿ ಕಂತಿನ ಅರ್ಜಿಯ ಉತ್ತರಕ್ಕೆ ಕಾಯುತ್ತಿದ್ದೇವೆ. ಮುಂದಿನ ಭೇಟಿ ಅಡಿಕೆ ಕೊಯ್ಲು ಮುಗಿದ ಮೇಲೆ.