400 ಚಿಕ್ಕದು, 396 ದೊಡ್ಡದು! ಇದೆಂಥ ಲೆಕ್ಕ?

ಪ್ರಶ್ನೆ: ಹಳೇ ಅಮೆರಿಕನ್ ಕಾರುಗಳ ವಿಡಿಯೊ ನೋಡುವ ಚಟ ನನಗೆ. ಷೆವರ್ಲೆಯ 400 ಎಂಜಿನ್ ಸ್ಮಾಲ್ ಬ್ಲಾಕ್ ಅಂತೆ, 396 ಬಿಗ್ ಬ್ಲಾಕ್ ಅಂತೆ. ಇದು ಹೇಗೆ ಸಾರ್? ಹಾಗಾದರೆ ನಮ್ಮನೆಯ ಹಳೇ ಮಾರುತಿ 800 ಯಾವ ಬ್ಲಾಕು?
– ಓದುಗರು, ತುಮಕೂರು

ಉತ್ತರ: ಆ ಹೆಸರು ಬಂದಿದ್ದು ಬ್ಲಾಕ್ ಅನ್ನುವ ಬೀಡಿನ ಎರಕದ ಅಳತೆಯಿಂದ. ಸಿಲಿಂಡರುಗಳ ಒಟ್ಟು ಗಾತ್ರ ಹೇಳುವ 400, 396 ಅನ್ನುವ ಅಂಕಿಗಳಿಗೂ ಅದಕ್ಕೂ ನೇರ ಸಂಬಂಧ ಇಲ್ಲ.

ಮನೆಯಲ್ಲಿ ಪಡ್ಡಿನ ಹಂಚು ಇದ್ದರೆ ಒಮ್ಮೆ ಕೈಗೆತ್ತಿಕೊಳ್ಳಿ. ಒಂದು ಗುಳಿಯ ನಡುವಿನಿಂದ ಪಕ್ಕದ ಗುಳಿಯ ನಡುವಿಗೆ ಎಷ್ಟು ದೂರ ಅನ್ನುವುದು ಎರಕ ಹೊಯ್ಯುವಾಗಲೇ ತೀರ್ಮಾನವಾಗಿರುತ್ತದೆ, ಆಮೇಲೆ ಗುಳಿಯನ್ನು ಎಷ್ಟೇ ಅಗಲ ಮಾಡಿದರೂ ಆ ದೂರ ಬದಲಾಗುವುದಿಲ್ಲ, ನಡುವಿನ ಗೋಡೆ ತೆಳ್ಳಗಾಗುತ್ತದೆ ಅಷ್ಟೇ. ಎಂಜಿನ್ನಿನಲ್ಲಿ ಗುಳಿಯ ಜಾಗದಲ್ಲಿ ಸಿಲಿಂಡರ್. 1955ರಲ್ಲಿ ಷೆವರ್ಲೆ ತಂದ ಸ್ಮಾಲ್ ಬ್ಲಾಕ್ ವಿ8ರಲ್ಲಿ (ವಿ ಆಕಾರದ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಈ ದೂರ 4.4 ಇಂಚು. ನೀವು ಹೇಳಿದ 396 ಬಂದಿದ್ದು 1965ರಲ್ಲಿ, ಅದರಲ್ಲಿ 4.84 ಇಂಚು. ಅರ್ಧ ಇಂಚೂ ವ್ಯತ್ಯಾಸ ಇಲ್ಲ, ಅಲ್ವಾ? ಆದರೆ ಒಂದೊಂದು ಸಾಲಿಗೆ ನಾಲ್ಕು ಸಿಲಿಂಡರ್, ಬ್ಲಾಕಿನ ಎತ್ತರವೂ ಜಾಸ್ತಿ, ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡೂ ದೊಡ್ಡದು. ಎಲ್ಲ ಸೇರಿ ಸುಮಾರು 50 ಕೆಜಿ ಹೆಚ್ಚು ತೂಗುತ್ತದೆ, ಆ ಭಾರದ ಬಹುಪಾಲು ಮುಂದಿನ ಚಕ್ರಗಳ ಮೇಲೆ.

ಈಗ ನಿಮ್ಮ 400. ಅದು ಘನ ಇಂಚಿನ ಲೆಕ್ಕ, ಹತ್ತಿರ ಹತ್ತಿರ 6.6 ಲೀಟರ್. 1970ರಲ್ಲಿ ಅಷ್ಟನ್ನೂ ಅದೇ ಚಿಕ್ಕ ಬ್ಲಾಕಿಗೆ ತುರುಕಿದರು. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 4.125 ಇಂಚಿಗೆ ಹೋಯಿತು. 4.4ರಲ್ಲಿ ಅದನ್ನು ಕಳೆಯಿರಿ, ಎರಡು ಬೋರಿನ ನಡುವೆ ಉಳಿಯುವುದು ಬರೀ 7 ಮಿಲಿಮೀಟರ್. ಅಷ್ಟರಲ್ಲಿ ಎರಡು ಗೋಡೆಯೂ ಬೇಕು, ನೀರು ಓಡಾಡಲು ಜಾಗವೂ ಬೇಕು ಅಂದರೆ ಎಲ್ಲಿಂದ ತರುವುದು? ಅದಕ್ಕೇ ಸಯಾಮಿ ಅವಳಿಗಳ ಹಾಗೆ ಗೋಡೆಗಳನ್ನು ಒಂದಕ್ಕೊಂದು ಅಂಟಿಸಿಯೇ ಎರಕ ಹೊಯ್ದರು. ನೀರು ನುಗ್ಗದ ಆ ಸಂದಿಯ ಹತ್ತಿರ ಹಬೆ ಕಟ್ಟಿಕೊಳ್ಳಬಾರದು ಅಂತ ಮೇಲುಗಡೆ ಸಣ್ಣ ಸಣ್ಣ ತೂತು ಕೊಟ್ಟಿದ್ದಾರೆ. ಬೇರೆ ಸ್ಮಾಲ್ ಬ್ಲಾಕಿನ ಹೆಡ್ ತಂದು ಕೂರಿಸುವವರು ಅದರಲ್ಲೂ ಈ ತೂತು ಕೊರೆಯಬೇಕು, ಮರೆತರೆ ಎಂಜಿನ್ ಕಾದು ಕೈಕೊಡುತ್ತದೆ. ನನಗಂತೂ ಇದು ಜಾಣತನಕ್ಕಿಂತ ಹಟದ ಕೆಲಸ ಅನಿಸುತ್ತದೆ.

ವಿಡಿಯೊದಲ್ಲಿ ಬಾನೆಟ್ ತೆಗೆದಾಗ ಸುಮ್ನೆ ಹೆಡ್ಡಿನ ಮೇಲೆ ಮುಚ್ಚಿರುವ ಟ್ಯಾಪೆಟ್ ಕವರಿನ ಬೋಲ್ಟ್ ಎಣಿಸಿ. ಆ ಕಾಲದ ಷೆವರ್ಲೆ ವಿ8ಗಳಲ್ಲಿ ಒಂದು ಕಡೆಗೆ ನಾಲ್ಕಿದ್ದರೆ ಸ್ಮಾಲ್ ಬ್ಲಾಕ್. 396ರ ಜಾತಿಯ ಬಿಗ್ ಬ್ಲಾಕಿಗೆ ಏಳು.

ಮಾರುತಿಗೆ ಈ ಹೆಸರು ಹೊಂದುವುದಿಲ್ಲ. ಒಂದೇ ಕಂಪನಿ ಎರಡು ಅಳತೆಯ ವಿ8 ಮಾಡುತ್ತಿದ್ದಾಗ ಗುರುತಿಗೆ ಬಂದ ಮಾತು ಇದು. ನಿಮ್ಮ ಗಾಡಿಯ ಮೂರು ಸಿಲಿಂಡರ್ ಸೇರಿ 796 ಸಿಸಿ. 1970ರ ಬಿಗ್ ಬ್ಲಾಕ್ 454ರಲ್ಲಿ ಒಂದೊಂದು ಸಿಲಿಂಡರೇ 930 ಸಿಸಿ!