ಪಾಲಕ್ ಸಸಿ ಮಲಗುತ್ತಿದ್ದರೆ ಮೊದಲು ನೀರು ನಿಲ್ಲಿಸಿ

ಮಳೆ ಶುರುವಾದ ಮೇಲೆ ಪಾಲಕ್ ಸಸಿಗಳು ಅಲ್ಲಲ್ಲಿ ಗುಂಪಾಗಿ ಮಲಗುತ್ತಿವೆ, ಯೂರಿಯಾ ಕೊಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ ಸರ್. ಸಸಿ ಇನ್ನೂ ಮೆತ್ತಗಾಗಿ ರೋಗ ಜಾಸ್ತಿಯಾಗುತ್ತದೆ.

ಒಂದು ಸಸಿಯನ್ನು ಮಣ್ಣಿನ ಸಮೇತ ಎತ್ತಿ, ಬೇರು ತೊಳೆದು, ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಮೇಲಿನ ಸಿಪ್ಪೆ ಜಾರಿ ಬಂದು ಒಳಗಿನ ಎಳೆ ಮಾತ್ರ ದಾರದಂತೆ ಉಳಿದರೆ ಅದು ಹೆಚ್ಚಾಗಿ ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದ ಬರುವ ಬೇರುಕೊಳೆ. ಬೇರಿನಲ್ಲಿ ಗಂಟು ಗಂಟಾಗಿದ್ದರೆ ಅದು ಜಂತುಹುಳು (ಬೇರಿಗೆ ಹತ್ತುವ ಸೂಕ್ಷ್ಮ ಹುಳು, ನೆಮಟೋಡ್), ಅದಕ್ಕೆ ಪರಿಹಾರವೇ ಬೇರೆ.

ಪಿಥಿಯಂ ಹರಡುವುದು ನಿಂತ ನೀರಿನಲ್ಲಿ. ಆದ್ದರಿಂದ ಇವತ್ತೇ ಬಸಿಗಾಲುವೆ ತೆಗೆಯಿರಿ, ಮಣ್ಣು ಒಣಗುವ ತನಕ ನೀರು ಬೇಡ. ಸತ್ತ ಸಸಿಗಳನ್ನು ಕಿತ್ತು ಹೊಲದಾಚೆ ಹಾಕಿ. ಕೊಳೆತ ಬೇರು ಮತ್ತೆ ಚಿಗುರಲ್ಲ, ಉಳಿದದ್ದನ್ನು ಕಾಪಾಡುವುದಷ್ಟೇ ಈಗಿನ ಕೆಲಸ. ತಿಂಗಳೊಳಗೆ ಕೊಯ್ದು ಮಾರುವ ಸೊಪ್ಪು ಅಲ್ವಾ, ಅಂಗಡಿಯವರು ಕೊಟ್ಟ ಔಷಧಿಯನ್ನೆಲ್ಲ ಸುಮ್ನೆ ಸುರಿಯಬೇಡಿ. ಜನ ತಿನ್ನುವುದು ಅದೇ ಎಲೆಯನ್ನು.

ಮುಂದಿನ ಬಿತ್ತನೆ ಏರುಮಡಿಯಲ್ಲಿರಲಿ, ಬೀಜ ತೆಳುವಾಗಿ ಬೀಳಲಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ, ನೆರಳಲ್ಲಿ 10-15 ದಿನ ತೇವ ಆರದಂತೆ ಇಟ್ಟು ಮಣ್ಣಿಗೆ ಸೇರಿಸಿ.